ಗೋಡೆಯ ಮೇಲಿನ ‘ನಾವು’ ಯಾರು?

ಶಾಲೆಯ ಗೋಡೆ ಮೇಲಿನ ಬರಹವನ್ನು ಸಾಹಿತ್ಯ ಅಂತ ಯಾರೂ ಓದುವುದಿಲ್ಲ. ನಮ್ಮ ವಿಮರ್ಶಕರಿಗಂತೂ ಅದು ಕಣ್ಣಿಗೇ ಬೀಳುವುದಿಲ್ಲ. ಅವರಿಗೆ ಪ್ರತಿಮೆ ಬೇಕು, ಧ್ವನಿ ಬೇಕು, ಸಂಕೀರ್ಣತೆ ಬೇಕು. ಆದರೆ ಒಂದು ನವ್ಯ ಕವಿತೆ ಓದದೇ ಇದ್ದರೆ ಹಟ್ಟಿಯ ಹುಡುಗನಿಗೆ ಕಳೆದುಕೊಳ್ಳೋದು ಏನೂ ಇಲ್ಲ. ಶಾಲೆಯ ಬಾಗಿಲಲ್ಲಿ ಯಾರೋ ಬರೆದು ಹಾಕಿದ ನಾಲ್ಕು ಸಾಲು ಅವನನ್ನು ಒಳಗೆ ಕರೆದುಕೊಳ್ಳಬಹುದು, ಇಲ್ಲ ಬಾಗಿಲಲ್ಲೇ ನಿಲ್ಲಿಸಬಹುದು. ಅದಕ್ಕೇ ಈ ಸಲ ನಾವು ವಿಮರ್ಶೆಗೆ ಎತ್ತಿಕೊಂಡಿರುವುದು ಪುಸ್ತಕವನ್ನಲ್ಲ. ಕ್ರೈಸ್ತ ಶಾಲೆಗಳ ‘ಧ್ಯೇಯ’ ಮತ್ತು ‘ನಂಬಿಕೆ’ ಎಂಬ ಎರಡು ಸಣ್ಣ ಬರಹಗಳನ್ನು. ಅವನ್ನು ಯಾರು ಬರೆಯುತ್ತಾರೆ, ಯಾರ ಹೆಸರಲ್ಲಿ ಬರೆಯುತ್ತಾರೆ, ಯಾರು ಕೂತು ಬರೆಯಬೇಕು - ಇದೇ ನಮ್ಮ ಪ್ರಶ್ನೆ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ - ಈ ನಾಲ್ಕು ಕಡೆಯ ಜನ ನಾವು. (ಕೋಟೆಯಿಂದ ಸರಗೂರು, ಕೆ.ಆರ್. ನಗರದಿಂದ ಸಾಲಿಗ್ರಾಮ ಈಗ ಬೇರೆ ತಾಲೂಕುಗಳು. ವಿಳಾಸ ಹೇಳುವಾಗ ಜನ ಇನ್ನೂ ಹಳೇ ಹೆಸರನ್ನೇ ಹೇಳ್ತಾರೆ.) ಇಲ್ಲಿ ಯೇಸು ಹೊರಗಿನವನಲ್ಲ. ಜೂನ್ ೧೩ಕ್ಕೆ ದೋರನಹಳ್ಳಿಯ ಸಂತ ಅಂತೋಣಿಯವರ ಹಬ್ಬಕ್ಕೆ ಹೋಗಿ ನೋಡಿ: ಹರಕೆ ಹೊತ್ತು ಬಂದವರಲ್ಲಿ ಯಾರು ಕ್ರೈಸ್ತರು, ಯಾರು ಅಲ್ಲ ಅಂತ ಬೇರೆ ಮಾಡಲಿಕ್ಕಾಗುವುದಿಲ್ಲ. ಹೊಲ ಉಳುವಾಗ ರೈತನ ನೇಗಿಲಿಗೆ ಮೂರ್ತಿ ಸಿಕ್ಕಿತು ಅನ್ನೋ ಕಥೆ ಇರುವ ಆ ಗುಡಿಗೆ ರೋಮಿನವರು ೨೦೧೯ರಲ್ಲಿ ಬೆಸಿಲಿಕಾ ಪದವಿ ಕೊಟ್ಟರು. ಅದಕ್ಕೂ ಎಷ್ಟೋ ಮೊದಲೇ ನಮ್ಮವರು ಅಲ್ಲಿ ಮಕ್ಕಳ ಮುಡಿ ಕೊಟ್ಟಾಗಿತ್ತು.

ಈ ಸೀಮೆಯ ಕಾನ್ವೆಂಟುಗಳಿಗೆ ಮಕ್ಕಳನ್ನು ಕಳಿಸೋರು ಯಾರು? ಹೊಗೆಸೊಪ್ಪಿನ ಲೈಸೆನ್ಸು ಇರುವ ಗೌಡರು, ಅಂಗಡಿಯವರು, ಮೇಷ್ಟ್ರುಗಳು. ಅವರ ಜೊತೆಗೆ, ಕಷ್ಟಪಟ್ಟು, ಸಾಲ ಮಾಡಿ, ಆ ಗೌಡರ ಬ್ಯಾರನ್ನಿನಲ್ಲಿ ಸೊಪ್ಪು ಕಟ್ಟುವ ಹೆಂಗಸರು. ಕೊಡಗಿನ ಕಾಫಿ ತೋಟಕ್ಕೆ ಬೆಳಿಗ್ಗೆ ಜೀಪಿನಲ್ಲಿ ಹೋಗಿ ಕತ್ತಲಾದ ಮೇಲೆ ಬರುವ ಆಳುಗಳು. ಕಬಿನಿ ನೀರಲ್ಲಿ ಊರು ಮುಳುಗಿಸಿಕೊಂಡವರ, ನಾಗರಹೊಳೆ ಕಾಡಿನಿಂದ ಹೊರಗೆ ಹಾಕಿಸಿಕೊಂಡ ಜೇನುಕುರುಬರ, ಬೆಟ್ಟಕುರುಬರ ಮೊಮ್ಮಕ್ಕಳು. ಈ ಎಲ್ಲರೂ ದಿನಾ ಹಾದುಹೋಗುವ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ‘ಅವರ್ ವಿಷನ್’, ‘ಅವರ್ ಮಿಶನ್’. ಅದೂ ಇಂಗ್ಲಿಷಿನಲ್ಲಿ. ಓದಲು ಬಾರದವರ ಎದುರಿಗೆ ಅವರ ಮಕ್ಕಳ ಭವಿಷ್ಯ ಬರೆದಿಡುವುದರಲ್ಲಿ ನಮ್ಮ ದೇಶಕ್ಕೆ ಹಳೆಯ ಅಭ್ಯಾಸವಿದೆ. ಹಿಂದೆ ಅದು ಸಂಸ್ಕೃತದಲ್ಲಿ ಇತ್ತು.

‘ಮಿಶನ್’ ಎಂಬ ಪದವನ್ನೇ ನೋಡಿ. ಅದು ಪಾದ್ರಿಗಳ ಪದ. ನಮ್ಮ ಅಜ್ಜಂದಿರಿಗೆ ಅದು ಅರ್ಥ ಕೇಳಬೇಕಾದ ಪದವೇ ಆಗಿರಲಿಲ್ಲ. ಮಿಶನ್ ಸ್ಕೂಲು, ಮಿಶನ್ ಆಸ್ಪತ್ರೆ. ಮೈಸೂರಿನಲ್ಲಿ ವೆಸ್ಲಿಯನ್ನರು ೧೯೦೬ರಲ್ಲಿ ತೆರೆದ ಆಸ್ಪತ್ರೆಗೆ ಈ ಸೀಮೆಯ ಬಸುರಿ ಹೆಂಗಸರು ಗಾಡಿ ಕಟ್ಟಿಸಿಕೊಂಡು ಹೋಗುತ್ತಿದ್ದರು; ಆಗ ‘ಮಿಶನ್’ ಅಂದರೆ ಜೀವ ಉಳಿಸೋ ಜಾಗ. ಆಮೇಲೆ ಈ ಪದವನ್ನು ಅಮೆರಿಕದ ಕಂಪನಿಗಳು ಎತ್ತಿಕೊಂಡವು. ಸೋಪು ಮಾರುವವರಿಗೂ ಒಂದು ಮಿಶನ್, ಸಿಗರೇಟು ಮಾರುವವರಿಗೂ ಒಂದು ಮಿಶನ್. ಈಗ ಅದು ಕಂಪನಿಯ ಕೋಟು ಹಾಕಿಕೊಂಡು ಚರ್ಚಿನ ಶಾಲೆಗೇ ವಾಪಸ್ಸು ಬಂದಿದೆ - ‘ಉತ್ಕೃಷ್ಟತೆ’, ‘ನಾಯಕತ್ವ’, ‘ಜಾಗತಿಕ ಮಟ್ಟ’. ಹೋಗುವಾಗ ಬರಿಗಾಲಲ್ಲಿ ಹೋದ ಪದ, ಬರುವಾಗ ಬೂಟು ಹಾಕಿಕೊಂಡು ಬಂದಿದೆ.

ಇಷ್ಟು ಹೇಳಿದ ಕೂಡಲೇ ಕೆಲವರು ಚಪ್ಪಾಳೆ ತಟ್ಟಲು ಕಾದಿರುತ್ತಾರೆ ಅಂತ ನಮಗೆ ಗೊತ್ತು. ಅವರು ಸ್ವಲ್ಪ ತಡೆಯಲಿ. ಕ್ರೈಸ್ತ ಶಾಲೆಯ ಋಣ ನಮ್ಮ ಮೇಲಿದೆ, ಅದನ್ನು ಮೊದಲು ಹೇಳಿಬಿಡುತ್ತೇವೆ. ೧೮೫೬ರ ಜೂನ್‌ನಲ್ಲಿ ಧಾರವಾಡದಲ್ಲಿ ಒಬ್ಬ ಮಹಾರ ಹುಡುಗ, ಎಲ್ಲರಂತೆ ಫೀಸು ಕೊಡ್ತೀನಿ, ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಬೊಂಬಾಯಿ ಸರ್ಕಾರಕ್ಕೆ ಅರ್ಜಿ ಹಾಕಿದ. ಸರ್ಕಾರ ಆಗೋದಿಲ್ಲ ಅಂತು. ಇವನೊಬ್ಬನಿಗಾಗಿ ಮೇಲ್ಜಾತಿ ಮಕ್ಕಳೆಲ್ಲ ಶಾಲೆ ಬಿಟ್ಟರೆ ಏನು ಗತಿ ಅನ್ನೋದು ಅದರ ಚಿಂತೆ. ಸರ್ಕಾರಿ ಶಾಲೆ ಎಲ್ಲರಿಗೂ ತೆರೆದಿರಬೇಕು ಅಂತ ಲಂಡನ್ನಿನಿಂದ ಕಂಪನಿಯ ಡೈರೆಕ್ಟರುಗಳು ಬರೆದದ್ದು ೧೮೫೮ರಲ್ಲಿ. ಬರೆದ ಮಾತ್ರಕ್ಕೆ ಬಾಗಿಲು ತೆರೆಯಲಿಲ್ಲ, ಅದು ಬೇರೆ ಮಾತು. ಅಂಥ ಕಾಲದಲ್ಲಿ ಅಸ್ಪೃಶ್ಯರ ಮಕ್ಕಳಿಗೆ ಸ್ಲೇಟು ಕೊಟ್ಟ ಕೆಲವೇ ಕೈಗಳಲ್ಲಿ ಮಿಶನರಿಗಳ ಕೈಯೂ ಒಂದು. ಜೋತಿಬಾ ಫುಲೆ ಪುಣೆಯ ಸ್ಕಾಟಿಷ್ ಮಿಶನ್ ಶಾಲೆಯಲ್ಲಿ ಓದಿದವರು. ಅದನ್ನು ಮರೆತರೆ ನಾವು ಉಂಡ ಮನೆಗೆ ಎರಡು ಬಗೆದಂತೆ.

ಫುಲೆಯವರ ಹೆಸರು ಬಂದ ಮೇಲೆ ಇನ್ನೊಂದು ಹೆಸರನ್ನೂ ಹೇಳಬೇಕು. ಮುಕ್ತಾ ಸಾಳ್ವೆ. ಮಾಂಗ್ ಜಾತಿಯ ಹುಡುಗಿ, ಫುಲೆ ದಂಪತಿಗಳ ಶಾಲೆಯ ವಿದ್ಯಾರ್ಥಿನಿ. ಹದಿನಾಲ್ಕರ ಆಸುಪಾಸಿನ ವಯಸ್ಸು. ಮಾಂಗ್-ಮಹಾರರ ದುಃಖದ ಬಗ್ಗೆ ಅವಳು ಬರೆದ ಪ್ರಬಂಧ ೧೮೫೫ರಲ್ಲಿ ಅಮೆರಿಕನ್ ಮಿಶನರಿಗಳ ‘ಜ್ಞಾನೋದಯ’ ಪತ್ರಿಕೆಯಲ್ಲಿ ಅಚ್ಚಾಯಿತು. ವೇದ ಬ್ರಾಹ್ಮಣರಿಗೆ ಮಾತ್ರ ಸೇರಿದ್ದಾದರೆ ನಮಗೆ ಧರ್ಮಪುಸ್ತಕವೇ ಇಲ್ಲ, ಹಾಗಾದರೆ ನಮ್ಮ ಧರ್ಮ ಯಾವುದು ಅಂತ ಆ ಹುಡುಗಿ ದೇವರನ್ನೇ ಕೇಳಿದಳು. ನಮ್ಮ ಪ್ರಕಾರ ಈ ದೇಶದ ಶಾಲೆಯೊಂದರಲ್ಲಿ ಹುಟ್ಟಿದ ಮೊದಲ ಪ್ರಾಮಾಣಿಕ ‘ನಂಬಿಕೆಯ ಹೇಳಿಕೆ’ ಅದು. ಅದನ್ನು ಆಡಳಿತ ಮಂಡಳಿ ಬರೆಯಲಿಲ್ಲ. ಬೆಂಚಿನ ಮೇಲೆ ಕೂತ ಮಗು ಬರೆಯಿತು. ಮಿಶನರಿಗಳ ದೊಡ್ಡತನ ಅಂದರೆ ಅದನ್ನು ಅಚ್ಚು ಹಾಕಿದ್ದು. ಇವತ್ತು ನಮ್ಮ ತಾಲೂಕಿನ ಯಾವ ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಅಂಥ ಪ್ರಬಂಧಕ್ಕೆ ಜಾಗ ಸಿಕ್ಕೀತು? ಮಗು ಬರೆದರೂ ಮಿಸ್ಸು ಕೆಂಪು ಇಂಕಿನಲ್ಲಿ ತಿದ್ದಿ ಕೊಡುತ್ತಾರೆ.

ಈಗ ಗೋಡೆಯ ಬರಹಕ್ಕೆ ಬರೋಣ. ಎಲ್ಲ ಗೋಡೆಗಳ ಮಾತೂ ಹೆಚ್ಚುಕಡಿಮೆ ಒಂದೇ: ದೀನದಲಿತರನ್ನು ಮೇಲೆತ್ತುವುದು, ಅಜ್ಞಾನದ ಕತ್ತಲೆ ಕಳೆಯುವುದು, ಶಿಸ್ತು ಕಲಿಸುವುದು, ದೇವರ ಪ್ರೀತಿ ಹಂಚುವುದು. ಕೆಟ್ಟ ಮಾತು ಒಂದೂ ಇಲ್ಲ. ಆದರೆ ವ್ಯಾಕರಣ ನೋಡಿ. ಎತ್ತುವವರು ಯಾರು? ‘ನಾವು’. ಎತ್ತಿಸಿಕೊಳ್ಳುವವರು? ‘ಅವರು’. ಕರ್ತೃ ಪದ ಯಾವಾಗಲೂ ಮ್ಯಾನೇಜ್‌ಮೆಂಟಿನದು, ಕರ್ಮ ಪದ ಯಾವಾಗಲೂ ನಮ್ಮದು. ದಲಿತ ಈ ವಾಕ್ಯಗಳಲ್ಲಿ ಒಂದು ಸಲವೂ ಕ್ರಿಯಾಪದದ ಯಜಮಾನನಾಗುವುದಿಲ್ಲ. ಅವನು ಓದುವುದಿಲ್ಲ, ಓದಿಸಲ್ಪಡುತ್ತಾನೆ. ಕೇಳುವುದಿಲ್ಲ, ಬೆಳಗಿಸಲ್ಪಡುತ್ತಾನೆ. ಕನ್ನಡದಲ್ಲಿ ಯಾರೂ ಹೀಗೆ ಮಾತಾಡುವುದಿಲ್ಲ. ಆಡಳಿತಗಾರರು ಮಾತ್ರ ಹೀಗೆ ಬರೆಯುತ್ತಾರೆ.

ಇಲ್ಲಿ ನಮ್ಮ ನುಡಿಯ ಒಂದು ಕೊರತೆಯನ್ನೂ ಹೇಳಬೇಕು. ತೆಲುಗಿನವರಿಗೆ ಎರಡು ‘ನಾವು’ ಇವೆ - ಎದುರಿಗಿರುವ ನಿನ್ನನ್ನೂ ಸೇರಿಸಿಕೊಂಡರೆ ‘ಮನಮು’, ನಿನ್ನನ್ನು ಬಿಟ್ಟು ನಾವು ಮಾತ್ರ ಅಂದರೆ ‘ಮೇಮು’. ತಮಿಳಿನಲ್ಲೂ ಹಾಗೇ, ‘ನಾಮ್’ ಬೇರೆ ‘ನಾಂಗಳ್’ ಬೇರೆ. ಇವತ್ತಿನ ಕನ್ನಡದಲ್ಲಿ ಇರೋದು ಒಂದೇ ‘ನಾವು’. ಅದು ತಬ್ಬಿಕೊಳ್ಳಲೂ ಬರುತ್ತದೆ, ಬಾಗಿಲು ಹಾಕಿಕೊಳ್ಳಲೂ ಬರುತ್ತದೆ. ಊರಿನ ಪಂಚಾಯ್ತಿ ಕಟ್ಟೆ ಮೇಲೆ ಗೌಡರು ‘ನಮ್ಮೂರ ಹಬ್ಬ’ ಅಂದಾಗ ಆ ‘ನಮ್ಮ’ದೊಳಗೆ ಹಟ್ಟಿ ಇದೆಯೋ ಇಲ್ಲವೋ ಗೊತ್ತಾಗುವುದು ತೇರಿನ ದಿನವೇ. ಶಾಲೆಯ ಗೋಡೆಯ ‘ನಾವು’ ಕೂಡ ಅಂಥದ್ದೇ. ಎಲ್ಲರೂ ಸೇರಿ ಬರೆಯಬೇಕು ಅಂತ ನಾವು ಹೇಳುವುದು ಹಾಳೆ ಚೆಂದ ಆಗಲಿ ಅಂತಲ್ಲ, ಆ ಸರ್ವನಾಮದೊಳಗೆ ಯಾರು ಯಾರಿದ್ದಾರೆ ಅಂತ ತೀರ್ಮಾನವಾಗಲಿ ಅಂತ.

ಧ್ಯೇಯದ ಮಾತು ಹಾಗಿರಲಿ, ‘ನಂಬಿಕೆ’ಯ ಮಾತು ಇದಕ್ಕಿಂತ ಬಿಸಿ. ೨೦೨೨ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಕ್ಲಾರೆನ್ಸ್ ಹೈಸ್ಕೂಲಿನ ಪ್ರವೇಶ ಅರ್ಜಿ ದೊಡ್ಡ ಗಲಾಟೆಗೆ ಕಾರಣವಾಯಿತು. ಮಗು ಬೆಳಗಿನ ಪ್ರಾರ್ಥನೆಗೂ ಬೈಬಲ್ ಪಾಠಕ್ಕೂ ಬರುತ್ತದೆ, ಬೈಬಲನ್ನೂ ಕೀರ್ತನೆ ಪುಸ್ತಕವನ್ನೂ ತರಲು ಆಕ್ಷೇಪಣೆ ಇಲ್ಲ ಅಂತ ತಂದೆತಾಯಿ ಒಪ್ಪಿ ಸಹಿ ಹಾಕುವ ಒಂದು ಸಾಲು ಆ ಅರ್ಜಿಯಲ್ಲಿತ್ತು. ಹಿಂದೂ ಸಂಘಟನೆಯವರು ಕೂಗೆಬ್ಬಿಸಿದರು, ಶಿಕ್ಷಣ ಇಲಾಖೆ ನೋಟೀಸು ಕೊಟ್ಟಿತು. ಕೂಗಿದವರ ಮಕ್ಕಳ ಪ್ರೀತಿ ಎಂಥದ್ದು ಅಂತ ಬಿಡಿಸಿ ಹೇಳಬೇಕಿಲ್ಲ. ಅದೇ ವರ್ಷದ ಫೆಬ್ರವರಿಯಲ್ಲಿ ತಲೆಗೆ ಬಟ್ಟೆ ಹಾಕಿಕೊಂಡ ಹೆಣ್ಣುಮಕ್ಕಳು ಕಾಲೇಜಿನ ಗೇಟಿನ ಹೊರಗೆ ನಿಂತಿದ್ದರು; ಮಾರ್ಚಿನಲ್ಲಿ ಶಿಕ್ಷಣ ಸಚಿವರೇ ಶಾಲೆಯಲ್ಲಿ ಭಗವದ್ಗೀತೆ ಕಲಿಸುವ ಮಾತಾಡುತ್ತಿದ್ದರು. ಇವರಿಗೆ ಬೈಬಲ್ ಬೇಡವಾದದ್ದು ಮಗುವಿನ ಮನಸ್ಸಾಕ್ಷಿಗಾಗಿ ಅಲ್ಲ.

ಆದರೂ ಆ ಸಾಲು ತಪ್ಪೇ. ಶತ್ರು ತೋರಿಸಿದ ಅಂತ ತಪ್ಪು ಸರಿಯಾಗಿಬಿಡುವುದಿಲ್ಲ. ಸಂವಿಧಾನದ ೩೦(೧)ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಇಷ್ಟದ ಶಾಲೆ ಕಟ್ಟುವ, ನಡೆಸುವ ಹಕ್ಕು ಕೊಟ್ಟಿದೆ. ಆ ಹಕ್ಕಿನ ಪರವಾಗಿ ನಾವು ಬೀದಿಗಿಳಿಯಲು ತಯಾರು. ಅದೇ ಪುಸ್ತಕದ ೨೮(೩)ನೇ ವಿಧಿ, ಸರ್ಕಾರದ ಮಾನ್ಯತೆ ಅಥವಾ ನೆರವು ಇರುವ ಶಾಲೆಯಲ್ಲಿ ಯಾರನ್ನೂ ಒಪ್ಪಿಗೆ ಇಲ್ಲದೆ - ಮಗುವಾದರೆ ಪೋಷಕರ ಒಪ್ಪಿಗೆ ಇಲ್ಲದೆ - ಮತಬೋಧನೆಗೆ, ಪೂಜೆ-ಪ್ರಾರ್ಥನೆಗೆ ಕೂರಿಸುವಂತಿಲ್ಲ ಅನ್ನುತ್ತದೆ. ಮೇಲ್ನೋಟಕ್ಕೆ ಆ ಸಹಿ ಅಂಥ ‘ಒಪ್ಪಿಗೆ’ಯೇ. ಆದರೆ ಸಹಿ ಹಾಕದಿದ್ದರೆ ಸೀಟಿಲ್ಲ ಅನ್ನೋ ಹೆದರಿಕೆಯಲ್ಲಿ ಒತ್ತಿದ ಹೆಬ್ಬೆಟ್ಟು ಒಪ್ಪಿಗೆಯಾಗುತ್ತದಾ? ಜೀತದ ಪತ್ರಕ್ಕೂ ನಮ್ಮ ಅಜ್ಜ ಹೆಬ್ಬೆಟ್ಟು ಒತ್ತಿದ್ದ.

ಮೇಲ್ಜಾತಿಯ ಪೋಷಕನಿಗೆ ಅದು ಬರೀ ಒಂದು ಸಹಿ. ದಲಿತನಿಗೆ ಅಲ್ಲ. ಇದನ್ನು ಶಾಲೆ ನಡೆಸುವವರು ಯೋಚಿಸಿದ ಹಾಗೆ ಕಾಣುವುದಿಲ್ಲ. ೧೯೫೦ರ ಪರಿಶಿಷ್ಟ ಜಾತಿಗಳ ಆದೇಶದ ಮೂರನೇ ಪ್ಯಾರಾ ಹಿಂದೂ ಅಲ್ಲದವನನ್ನು ಪರಿಶಿಷ್ಟ ಜಾತಿಯವನೆಂದು ಒಪ್ಪುವುದಿಲ್ಲ. ೧೯೫೬ರಲ್ಲಿ ಸಿಖ್ಖರಿಗೂ ೧೯೯೦ರಲ್ಲಿ ಬೌದ್ಧರಿಗೂ ಬಾಗಿಲು ತೆರೆಯಿತು, ಕ್ರೈಸ್ತರಿಗೆ, ಮುಸ್ಲಿಮರಿಗೆ ತೆರೆಯಲಿಲ್ಲ. ಹೀಗಾಗಿ ನಮ್ಮ ಕೇರಿಗಳಲ್ಲಿ ಭಾನುವಾರ ಒಂದು ಹೆಸರು, ತಾಲೂಕು ಆಫೀಸಿನಲ್ಲಿ ಇನ್ನೊಂದು ಹೆಸರು ಇಟ್ಟುಕೊಂಡು ಬದುಕುವ ಸಂಸಾರಗಳಿವೆ. ಅವರನ್ನು ಸುಳ್ಳರು ಅನ್ನೋರಿಗೆ ಹಸಿವು ಗೊತ್ತಿಲ್ಲ. ೨೦೨೪ರ ನವೆಂಬರ್ ೨೬ರಂದು - ಸಂವಿಧಾನದ ದಿನವೇ - ಸುಪ್ರೀಂ ಕೋರ್ಟು ಪುದುಚೇರಿಯ ಒಬ್ಬ ಹೆಣ್ಣುಮಗಳಿಗೆ ಜಾತಿ ಪ್ರಮಾಣಪತ್ರ ನಿರಾಕರಿಸಿತು. ಅವಳಿಗೆ ದೀಕ್ಷಾಸ್ನಾನ ಆಗಿತ್ತು, ಚರ್ಚಿಗೆ ಹೋಗುತ್ತಿದ್ದಳು, ಆದ್ದರಿಂದ ಮೀಸಲಾತಿಗಾಗಿ ಹಿಂದೂ ಅನ್ನುವುದು ಸಂವಿಧಾನಕ್ಕೆ ಮಾಡುವ ಮೋಸ ಅಂತ ಹೇಳಿತು. ಇಂಥ ಕಾಲದಲ್ಲಿ ‘ನಾವು ಹೀಗೆ ನಂಬುತ್ತೇವೆ’ ಎಂಬ ಹಾಳೆಯ ಕೆಳಗೆ ಕೇರಿಯ ತಾಯಿಯ ಸಹಿ ಹಾಕಿಸಿ ಫೈಲಿನಲ್ಲಿಟ್ಟರೆ, ಅದು ನಾಳೆ ಯಾರ ಕೈಯಲ್ಲಿ ಯಾವ ಸಾಕ್ಷಿಯಾಗುತ್ತದೆ? ೨೦೨೨ರ ಕರ್ನಾಟಕದ ಮತಾಂತರ ಕಾಯ್ದೆಯಂತೂ ಧಾರ್ಮಿಕ ಸಂಸ್ಥೆ ನಡೆಸುವ ಹೆಸರಾಂತ ಶಾಲೆಯ ಉಚಿತ ಶಿಕ್ಷಣವನ್ನೇ ‘ಆಮಿಷ’ದ ಪಟ್ಟಿಗೆ ಸೇರಿಸಿತ್ತು. ಅದನ್ನು ರದ್ದು ಮಾಡುವ ತೀರ್ಮಾನವನ್ನು ಮುಂದಿನ ಸರ್ಕಾರದ ಸಂಪುಟ ೨೦೨೩ರ ಜೂನ್‌ನಲ್ಲಿ ಮಾಡಿತು. ಕಾಯ್ದೆಗಳು ಬರುತ್ತವೆ, ಹೋಗುತ್ತವೆ. ಫೈಲಿನಲ್ಲಿರುವ ಸಹಿ ಎಲ್ಲಿಗೂ ಹೋಗುವುದಿಲ್ಲ.

ಹಾಗಾದರೆ ಚರ್ಚಿನವರಿಗೆ ಇದೆಲ್ಲ ಗೊತ್ತಿಲ್ಲವೇ? ಮೇಲಿನವರಿಗೆ ಚೆನ್ನಾಗಿ ಗೊತ್ತು. ಭಾರತದ ಕಥೋಲಿಕ ಬಿಷಪ್ಪರ ಮಂಡಳಿ ೨೦೦೭ರಲ್ಲಿ ಅಖಿಲ ಭಾರತ ಶಿಕ್ಷಣ ನೀತಿಯೊಂದನ್ನು ತಂದಿತು. ಬಡವರಿಗೆ, ಅಂಚಿನವರಿಗೆ ಮೊದಲ ಮಣೆ ಅಂತ ಅದರಲ್ಲಿದೆ. ೨೦೧೬ರ ಡಿಸೆಂಬರಿನಲ್ಲಿ ದಲಿತ ಸಬಲೀಕರಣ ನೀತಿ ಬಂತು. ಚರ್ಚಿನೊಳಗೂ ಅಸ್ಪೃಶ್ಯತೆ ಇದೆ ಅಂತ ಬಿಷಪ್ಪರೇ ಅದರಲ್ಲಿ ಒಪ್ಪಿಕೊಂಡಿದ್ದಾರೆ. ದೇಶದ ೧ ಕೋಟಿ ೯೦ ಲಕ್ಷ ಕಥೋಲಿಕರಲ್ಲಿ ೧ ಕೋಟಿ ೨೦ ಲಕ್ಷ ಜನ ದಲಿತರು ಅನ್ನೋ ಲೆಕ್ಕವೂ ಅವರದೇ. ಯಾವ ಮಠ ಇಷ್ಟು ಮಾತು ಬರೆದುಕೊಟ್ಟೀತು? ಇನ್ನು ೨೦೨೪ರಲ್ಲಿ ಶಾಲೆಗಳಿಗೆ ಸೂಚನೆ ಕಳಿಸಿದರು: ಬೆಳಗಿನ ಅಸೆಂಬ್ಲಿಯಲ್ಲಿ ಸಂವಿಧಾನದ ಪೀಠಿಕೆ ಓದಿಸಿ, ಬೇರೆ ಧರ್ಮದ ಮಕ್ಕಳ ಮೇಲೆ ಕ್ರೈಸ್ತ ಆಚರಣೆ ಹೇರಬೇಡಿ, ಎಲ್ಲ ಧರ್ಮದವರಿಗೂ ಸಲ್ಲುವ ಪ್ರಾರ್ಥನಾ ಕೋಣೆ ಇಡಿ. ಬರುತ್ತಿರುವ ದಾಳಿಗಳಿಗೆ ಹೆದರಿ ಬರೆದದ್ದು ಅಂತ ಅನ್ನಬಹುದು. ಹೆದರಿ ಬರೆದರೂ ಒಳ್ಳೆಯದೇ ಬರೆದಿದ್ದಾರೆ.

ಸಮಸ್ಯೆ ಇರುವುದು ಬರಹ ಇಳಿಯುವ ದಾರಿಯಲ್ಲಿ. ದೆಹಲಿಯಲ್ಲಿ ಹುಟ್ಟಿದ ನೀತಿ ಧರ್ಮಪ್ರಾಂತ್ಯಕ್ಕೆ ಬರುತ್ತದೆ, ಅಲ್ಲಿಂದ ಫಾದರ್ ಹತ್ತಿರ ಇಲ್ಲ ಮದರ್ ಹತ್ತಿರ, ಅಲ್ಲಿಂದ ಫ್ಲೆಕ್ಸ್ ಅಂಗಡಿಗೆ. ನಡುವೆ ಎಲ್ಲೂ ಟೀಚರುಗಳ ರೂಮಿಲ್ಲ, ಆಯಾ ಇಲ್ಲ, ವ್ಯಾನ್ ಡ್ರೈವರ್ ಇಲ್ಲ, ಹಟ್ಟಿ ಇಲ್ಲ. ದಲಿತರ ಬಗ್ಗೆ ಒಳ್ಳೆಯ ಮಾತೂ ದಲಿತರನ್ನು ಕೇಳದೆ ಬಂದರೆ ಅದು ಮೇಲಿನಿಂದ ಬಿದ್ದ ಪ್ರಸಾದ. ಸರ್ಕಾರಿ ಶಾಲೆಯೇ ಈ ವಿಷಯದಲ್ಲಿ ಎರಡು ಹೆಜ್ಜೆ ಮುಂದೆ: ೨೦೦೧ರಿಂದ ಕರ್ನಾಟಕದಲ್ಲಿ ಎಸ್‌ಡಿಎಂಸಿಗಳಿವೆ. ೨೦೦೯ರ ಶಿಕ್ಷಣ ಹಕ್ಕು ಕಾಯ್ದೆ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧ ಹೆಂಗಸರಿರಬೇಕು ಅಂದಿತು. ಆ ಸಮಿತಿಗಳಲ್ಲಿ ಅಧ್ಯಕ್ಷರು ಯಾರ ಕಡೆಯವರು, ಚೆಕ್ಕಿಗೆ ಸಹಿ ಯಾರು ಹೇಳಿದಂತೆ ಬೀಳುತ್ತದೆ ಎಂಬುದು ಮೇಷ್ಟ್ರುಗಳಿಗೆ ಗೊತ್ತು. ಆದರೂ ಕುರ್ಚಿ ಅಂತ ಒಂದಿದೆ. ೨೦೧೪ರಲ್ಲಿ ಸುಪ್ರೀಂ ಕೋರ್ಟು ಅಲ್ಪಸಂಖ್ಯಾತ ಶಾಲೆಗಳನ್ನು ಈ ಕಾಯ್ದೆಯಿಂದಲೇ ಹೊರಗಿಟ್ಟಿತು. ಬಲವಂತ ತಪ್ಪಿದ್ದಕ್ಕೆ ಆಡಳಿತದವರು ನಿಟ್ಟುಸಿರು ಬಿಟ್ಟರು. ಯೇಸುವಿನ ಹೆಸರಿನ ಶಾಲೆ ಬಡವರ ಪಕ್ಕ ಕೂರಲು ಕಾಯ್ದೆ ಬಂದು ಕುತ್ತಿಗೆ ಹಿಡಿಯಬೇಕೆ?

“ನಂಬಿಕೇನ ಓಟಿಗೆ ಹಾಕೋಕಾಗುತ್ತಾ ಸಾರ್?” ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆಗೋದಿಲ್ಲ. ಚರ್ಚಿನ ವಿಶ್ವಾಸ ಚರ್ಚಿನದು. ಅದನ್ನು ತಿದ್ದಲು ಹುಣಸೂರಿನ ಪೋಷಕರ ಸಭೆಗೆ ಹಕ್ಕಿಲ್ಲ. ಹಾಗೇ ಪೋಷಕರ ಮನಸ್ಸಾಕ್ಷಿ ಪೋಷಕರದು. ಅದನ್ನು ಅರ್ಜಿಯ ಕೊನೇ ಸಾಲಿನಲ್ಲಿ ಅಡ ಇಟ್ಟುಕೊಳ್ಳಲು ಚರ್ಚಿಗೂ ಹಕ್ಕಿಲ್ಲ. ಆದ್ದರಿಂದ ಈ ಎರಡು ಬರಹಗಳನ್ನು ಒಂದೇ ಫ್ರೇಮಿನಲ್ಲಿ ಹಾಕುವುದೇ ಮೊದಲ ಎಡವಟ್ಟು. ‘ಈ ಶಾಲೆ ನಡೆಸುವ ನಾವು ಇದನ್ನು ನಂಬುತ್ತೇವೆ’ ಅಂತ ಅವರು ತಮ್ಮ ಹೆಸರಲ್ಲಿ, ತಲೆ ಎತ್ತಿ, ಬರೆದು ಹಾಕಲಿ. ಅದು ತೆಲುಗಿನ ‘ಮೇಮು’. ಮಗುವಿನ ಸಹಿ, ತಾಯಿಯ ಸಹಿ ಅದಕ್ಕೆ ಬೇಡ. ‘ಈ ಶಾಲೆಯಲ್ಲಿ ಮಕ್ಕಳಿಗೆ ಏನಾಗಬೇಕು’ ಎಂಬುದು ಬೇರೆ ಬರಹ. ಅದು ‘ಮನಮು’. ಅದನ್ನು ಎಲ್ಲರೂ ಕೂತೇ ಬರೆಯಬೇಕು.

ಅವರ ನಂಬಿಕೆಯ ಬರಹದ ಬಗ್ಗೆಯೂ, ಹೊರಗಿನವರಾಗಿ, ಒಂದು ಮಾತು. ಕ್ರಿ.ಶ. ೩೨೫ರಲ್ಲಿ ರೋಮಿನ ದೊರೆ ಕಾನ್‌ಸ್ಟಂಟೈನ್ ಕರೆಸಿದ ನೈಸೀಯದ ಸಭೆಯಲ್ಲಿ ಬಿಷಪ್ಪರು ಕೂತು, ಜಗಳವಾಡಿ, ವಿಶ್ವಾಸ ಪ್ರಮಾಣ ಬರೆದರು. ಗ್ರೀಕಿನಲ್ಲಿ ಅದು ಶುರುವಾಗುವುದೇ ‘ನಾವು ನಂಬುತ್ತೇವೆ’ ಅಂತ, ಬಹುವಚನದಲ್ಲಿ. ಅಂದರೆ ಕೂತು ಬರೆಯುವುದು ಚರ್ಚಿಗೆ ಹೊಸದೇನಲ್ಲ. ಆದರೆ ಅಲ್ಲಿ ಕೂತವರು ಯಾರು ಅನ್ನೋದು ಬರಹದಲ್ಲೇ ಕಾಣುತ್ತದೆ. ಇವತ್ತು ಚರ್ಚುಗಳಲ್ಲಿ ಹೇಳುವ ಪ್ರಮಾಣದಲ್ಲಿ ಯೇಸು ಕನ್ಯೆಯಲ್ಲಿ ಹುಟ್ಟುತ್ತಾನೆ. ಅದರ ಮುಂದಿನ ಮಾತಿಗೇ ಶಿಲುಬೆ. ನಡುವಿನ ಬದುಕೆಲ್ಲ ಮಾಯ. ಬಡಗಿ ಕೆಲಸ ಇಲ್ಲ. ಕುಷ್ಠರೋಗಿಯನ್ನು ಮುಟ್ಟಿದ್ದು ಇಲ್ಲ. ಸುಂಕದವರ, ಪಾಪಿಗಳ ಜೊತೆ ಒಂದೇ ಪಂಕ್ತಿಯಲ್ಲಿ ಉಂಡದ್ದು ಇಲ್ಲ. ಯೆಹೂದ್ಯರು ನೀರೂ ಮುಟ್ಟದ ಸಮಾರ್ಯದ ಹೆಂಗಸಿನ ಹತ್ತಿರ ಬಾವಿ ಕಟ್ಟೆ ಮೇಲೆ ಕೂತು ನೀರು ಕೇಳಿ ಬೇಡಿದ್ದು ಇಲ್ಲ. ೧೯೨೭ರಲ್ಲಿ ಮಹಾಡದ ಕೆರೆಗೆ ಬಾಬಾಸಾಹೇಬರ ಹಿಂದೆ ನಡೆದ ಜನಕ್ಕೆ ಆ ಬಾವಿಯ ಕಥೆ ಯಾರೂ ವಿವರಿಸಬೇಕಾಗಿರಲಿಲ್ಲ. ಬಿಷಪ್ಪರ ಜೊತೆ ಒಬ್ಬ ಬೆಸ್ತ, ಒಬ್ಬ ಜೀತದಾಳು, ಆ ಸಮಾರ್ಯದ ಹೆಂಗಸು ಕೂತಿದ್ದರೆ ನಡುವಿನ ಆ ಮೂವತ್ತು ಚಿಲ್ಲರೆ ವರ್ಷ ಬಿಟ್ಟುಹೋಗುತ್ತಿತ್ತಾ?

ಇನ್ನು ಕೂತು ಬರೆಯುವ ಕೆಲಸ. ಪೋಷಕರ ಸಭೆ ಅಂತ ನೋಟೀಸು ಹಾಕಿ, ಬೆಳಿಗ್ಗೆ ಹನ್ನೊಂದು ಗಂಟೆಗೆ ಕರೆದು, ಪ್ರೊಜೆಕ್ಟರಿನಲ್ಲಿ ಇಂಗ್ಲಿಷ್ ಕರಡು ತೋರಿಸಿ “ಎನಿ ಸಜೆಶನ್ಸ್?” ಅಂತ ಕೇಳಿದರೆ ಕೈ ಎತ್ತುವವರು ಯಾರು ಅಂತ ಎಲ್ಲರಿಗೂ ಗೊತ್ತು. ಸೊಪ್ಪು ಮುರಿಯುವ ತಿಂಗಳುಗಳಲ್ಲಿ ಬ್ಯಾರನ್ನಿನ ಬೆಂಕಿ ಬಿಟ್ಟು ಯಾವ ಹೆಂಗಸೂ ಬರುವುದಿಲ್ಲ. ತೋಟದ ಆಳು ಒಂದು ದಿನ ಬಿಟ್ಟರೆ ಒಂದು ದಿನದ ಕೂಲಿ ಹೋಯಿತು. ಸಭೆಯನ್ನು ಸಂಜೆ ಏಳಕ್ಕೆ ಇಡಿ, ಒಂದು ಸಲ ಶಾಲೆಯಲ್ಲಿ, ಇನ್ನೊಂದು ಸಲ ಹಟ್ಟಿಯಲ್ಲಿ, ಮತ್ತೊಂದು ಸಲ ಹಾಡಿಯಲ್ಲಿ. ಫಾದರ್, ಸಿಸ್ಟರ್ ಅಲ್ಲಿಗೆ ಬಂದು ಚಾಪೆ ಮೇಲೆ ಕೂರಲಿ. ಕೊಟ್ಟ ನೀರು ಕುಡಿಯಲಿ. ಕರಡು ಮೊದಲು ಕನ್ನಡದಲ್ಲಿ ಇರಲಿ - ನಮ್ಮ ಕಡೆಯ ಕನ್ನಡದಲ್ಲಿ, ಗ್ರಂಥದ ಕನ್ನಡದಲ್ಲಲ್ಲ. ಓದಲು ಬಾರದವರಿಗೆ ಓದಿ ಹೇಳುವುದು ಆರನೇ ಕ್ಲಾಸಿನ ಮಕ್ಕಳ ಕೆಲಸವಾಗಲಿ. ಜೇನುಕುರುಬರ ನುಡಿಯಲ್ಲಿ ಹೇಳಬಲ್ಲ ಮಗು ಇದ್ದರೆ ಆ ನುಡಿಯಲ್ಲೇ ಹೇಳಲಿ. ಮಾತಾಡುವ ಸರದಿ ಕೆಳಗಿನಿಂದ ಶುರುವಾಗಲಿ. ಮೊದಲು ಆಯಾ, ಆಮೇಲೆ ಕೂಲಿಯ ತಾಯಿ, ಆಮೇಲೆ ಟೀಚರು, ಕೊನೆಗೆ ಕರೆಸ್ಪಾಂಡೆಂಟ್. ಯಜಮಾನ ಮೊದಲು ಬಾಯಿ ಬಿಟ್ಟರೆ ಉಳಿದವರ ಬಾಯಿ ಮುಚ್ಚಿಕೊಳ್ಳುತ್ತದೆ.

ಹೀಗೆ ಕೂತರೆ ‘ಜಾಗತಿಕ ಮಟ್ಟದ ಉತ್ಕೃಷ್ಟತೆ’ ಆ ಹಾಳೆಯಲ್ಲಿ ಉಳಿಯುವುದು ಅನುಮಾನ. ಬೇರೆ ಮಾತುಗಳು ಬರುತ್ತವೆ, ಸಣ್ಣ ಮಾತುಗಳು. ಫೀಸು ಕಟ್ಟಿಲ್ಲ ಅಂತ ಪರೀಕ್ಷೆಯ ದಿನ ಮಗುವನ್ನು ಹೊರಗೆ ನಿಲ್ಲಿಸಬಾರದು. ಕನ್ನಡ ಮಾತಾಡಿದ್ದಕ್ಕೆ ದಂಡ ಹಾಕಬಾರದು. ಅಸೆಂಬ್ಲಿಯಲ್ಲಿ ಜಾತಿ ಪ್ರಮಾಣಪತ್ರ ತರದವರ ಹೆಸರು ಕೂಗಬಾರದು. ಊಟದ ಡಬ್ಬಿ ತೆರೆದಾಗ ಮಾಂಸದ ವಾಸನೆ ಅಂತ ಮೂಗು ಮುಚ್ಚುವ ಮಕ್ಕಳನ್ನು ಬೇರೆ ಬೆಂಚಿಗೆ ಕಳಿಸುವ ಬದಲು ಅಲ್ಲೇ ಕೂರಿಸಬೇಕು. ಪ್ರಾರ್ಥನೆಗೆ ಬಾರದ ಮಗುವಿಗೆ ಆ ಹೊತ್ತು ಲೈಬ್ರರಿ ತೆರೆದಿರಬೇಕು, ಶಿಕ್ಷೆಯ ಹಾಗೆ ವರಾಂಡದಲ್ಲಿ ಬಿಸಿಲಿಗೆ ನಿಲ್ಲಿಸಬಾರದು. ಟೀಚರು ಸಹಿ ಹಾಕುವ ಸಂಬಳವೂ ಕೈಗೆ ಬರುವ ಸಂಬಳವೂ ಒಂದೇ ಆಗಿರಬೇಕು. ಈ ಕೊನೆಯದನ್ನು ಬರೆಯಿಸಲು ಎಷ್ಟು ಸಭೆ ಬೇಕಾದೀತೋ, ಅದು ಖಾಸಗಿ ಶಾಲೆಗಳಲ್ಲಿ ದುಡಿಯುವ ನಮ್ಮ ಗೆಳೆಯರಿಗೇ ಗೊತ್ತು.

ಮುಂದಿನ ಜೂನ್‌ಗೆ ಹೊಸ ಅರ್ಜಿ ಅಚ್ಚಾಗುತ್ತದೆ. ಅದಕ್ಕೆ ಮೊದಲು, ಹೊಗೆಸೊಪ್ಪಿನ ಹರಾಜು ಮುಗಿದು ಹೊಸ ಮಡಿ ಹಾಕುವ ನಡುವೆ, ಈ ಕಡೆಯ ಜನಕ್ಕೆ ಸ್ವಲ್ಪ ಬಿಡುವಿರುತ್ತದೆ. ಮೇಷ್ಟ್ರುಗಳೂ ವಿದ್ಯಾರ್ಥಿ ಗೆಳೆಯರೂ ತಮ್ಮ ತಮ್ಮ ಊರಿನ ಶಾಲೆಯ ಅರ್ಜಿಯ ಪ್ರತಿಯೊಂದನ್ನು ತಂದು, ಕೊನೇ ಪುಟದ ಸಣ್ಣ ಅಕ್ಷರವನ್ನು ಹಟ್ಟಿಯಲ್ಲಿ ಕೂತು ಗಟ್ಟಿಯಾಗಿ ಓದಲಿ.